ಪಾಕೀಟಿನ ಮೇಲಿನ ಕೈ

ನಿಮ್ಮ ಅಜ್ಜ ತೀರಿಕೊಂಡರು ಎಂದು ನಾನು ಹೇಳಿದ ದಿನ ಅವರು ಬದುಕಿದ್ದರು. ಆಮೇಲೂ ಎಷ್ಟೋ ವರ್ಷ ಬದುಕಿದ್ದರು — ಬೈಲಹೊಂಗಲದ ನಮ್ಮ ಮನೆಯಿಂದ ಒಂದು ತಾಸಿನ ಬಸ್ಸಿನ ದಾರಿಯಲ್ಲಿ, ಕಿತ್ತೂರಿನ ಹೆದ್ದಾರಿಯ ಬದಿಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅವರ ಫೋಟೋಕ್ಕೆ ಹೂವು ಏರಿಸಿದೆ, ನಿಮ್ಮ ಅವ್ವನ ಕೈಯಿಂದಲೂ ಹಾಕಿಸಿದೆ.

ಭಾಗ್ಯಾ, ಬಸೂ — ಇದನ್ನು ನಿಮ್ಮ ಮುಖ ನೋಡುತ್ತ ಹೇಳಲು ನನಗೆ ಆಗುವುದಿಲ್ಲ. ಸುರೇಬಾನದ ಸಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಇಂದಿಗೂ ಸೆರಗಿನ ತುದಿ ಹುಡುಕುತ್ತೇನೆ. ಬರೆಯುವುದು ಸ್ವಲ್ಪ ಹಗುರ.

ಹೋದ ವಾರ ನೀವಿಬ್ಬರೂ ಹೊಸ ಪಾಕೀಟಿನ ಚಿತ್ರ ತಂದು ನನ್ನ ಮುಂದೆ ಹರಡಿದಿರಿ. ಹಿಂಬದಿಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿತ್ತು. "ಆಯಿ, ಅಜ್ಜ ತೀರಿಕೊಂಡ ಮ್ಯಾಲ ನೀ ಹೆಂಗ ರೊಟ್ಟಿ ಬಡ್ಕೊಂತ ಮನಿ ನಡಿಸಿದಿ, ನಾಕ ಸಾಲಿನಾಗ ಬರಕೊಡು. ಈಗಿನ ಮಂದಿ ರೊಟ್ಟಿಕಿಂತ ಮೊದಲ ಕತಿ ತಗೋತಾರ" ಎಂದಳು ಭಾಗ್ಯಾ. ಬಸು ನಕ್ಕ. ನಾನೂ ನಕ್ಕೆ. ಬರೆಯಲು ಕುಳಿತೆ. ಆದರೆ ಮೊದಲ ಸಾಲೇ —

ನಿಮ್ಮ ಅಜ್ಜ ರಾಮದುರ್ಗದಲ್ಲಿ ಮಗ್ಗದ ಮೇಲೆ ಕೂರುತ್ತಿದ್ದರು. ಸೀರೆಗೆ ಗಿರಾಕಿ ಕಡಿಮೆಯಾದಾಗ ಇಚಲಕರಂಜಿಯ ಪವರ್‌ಲೂಮಿಗೆ ಹೋದರು. ಮೊದಮೊದಲು ಪತ್ರ ಬರುತ್ತಿತ್ತು. ಆಮೇಲೆ ನಿಂತಿತು. ನಮ್ಮ ಅಣ್ಣ ಒಮ್ಮೆ ಹೋಗಿ ಹುಡುಕಿ ಬಂದ, ಸಿಗಲಿಲ್ಲ. ಅಲ್ಲಿ ಇನ್ನೊಂದು ಸಂಸಾರ ಹೂಡಿರಬೇಕೆಂದು ಜನ ಅಂದರು. ಜನ ಅನ್ನುವುದಕ್ಕೂ ಮೊದಲೇ ನಾನು ಹಾಗೆ ಅಂದುಕೊಂಡಿದ್ದೆ. ಅದು ತೊಂಬತ್ತರ ದಶಕದ ಆರಂಭ. ನಿಮ್ಮ ಅವ್ವ ಇನ್ನೂ ಚಿಕ್ಕವಳು. ಅವಳ ಕೈ ಹಿಡಿದುಕೊಂಡು ಬೈಲಹೊಂಗಲಕ್ಕೆ ಬಂದೆ. ಸಾಲೆಯಲ್ಲಿ ಕಲಿಸುವ ಶಾಂತಕ್ಕ ಎಂಬುವರು ತಮ್ಮ ಹಿತ್ತಲಿನಲ್ಲಿ ರೊಟ್ಟಿಯ ಕೆಲಸ ಶುರುಮಾಡಿದ್ದಾರೆ, ಹೆಂಗಸರು ಬೇಕಂತೆ — ಅಷ್ಟು ಕೇಳಿದ್ದೆ.

ಶಾಂತಕ್ಕ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು. ಅವರ ತಂಗಿಯ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಪ್ರೀತಿಯಿಂದ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗಿದ್ದರಂತೆ. ಬೀಗರು ಆ ಬುತ್ತಿಯನ್ನು ಬಿಚ್ಚಲೂ ಇಲ್ಲ, ಎಮ್ಮೆಯ ಮುಂದೆ ಇಟ್ಟರಂತೆ. ಬೇರೆಯವರಾಗಿದ್ದರೆ ಮನೆಗೆ ಬಂದು ಅಳುತ್ತಿದ್ದರು. ಶಾಂತಕ್ಕ ಮನೆಗೆ ಬಂದು ಒಲೆ ಹೂಡಿದರು. ಗಂಡನಿಲ್ಲದವರೇ ಮಾಡಿದ ರೊಟ್ಟಿಯನ್ನು ಈ ಊರು ಪಂಚಮಿಗೂ ಕುಬಸಕ್ಕೂ ಕೈಯಾರೆ ಕೊಂಡೊಯ್ಯಬೇಕು — ಅದೇ ಅವರ ಹಟ. ಹೆಸರು 'ಬರಿಗೈ ರೊಟ್ಟಿ'. ಪಾಕೀಟಿನ ಮೇಲೆ ದಪ್ಪಕ್ಷರದಲ್ಲಿ 'ವಿಧವೆಯರು ಮಾಡಿದ ಹಬ್ಬದ ರೊಟ್ಟಿ'.

ಪೇಟೆಯ ಕಿರಾಣಿ ಅಂಗಡಿಯವರು ಅದನ್ನು ನೋಡಿ ಕೈ ಮುಗಿದರು. "ಅಕ್ಕಾರ, ನಿಮ್ಮ ರೊಟ್ಟಿ ಛಲೋ ಅದಾವು, ಇಲ್ಲನಂಗಿಲ್ಲ. ಆದ್ರ ಹಿಂಗ ಬರದ್ರ ಯಾರ ಮುಟ್ಟತಾರ್ರಿ? ಎಲ್ಯರ ಮೂಲ್ಯಾಗ ಸಣ್ಣಕ್ಷರದಾಗ ಹಾಕ್ರಿ."

"ಸಣ್ಣಕ್ಷರದಾಗ ಹಾಕಾಕ ನಾವೇನ ಕಳುವು ಮಾಡೇವೇನು?" ಎಂದರು ಶಾಂತಕ್ಕ.

ಅವರ ಹಿಂದೆ ರೊಟ್ಟಿಯ ಬುಟ್ಟಿ ಹೊತ್ತು ನಾನು ನಿಂತಿದ್ದೆ, ವಿಧವೆಯೆಂದು ಸುಳ್ಳು ಹೇಳಿಕೊಂಡು.

ಯಾಕೆಂದರೆ ಮೊದಲ ದಿನ, ನನ್ನ ಮುಂದೆ ನಿಂತಿದ್ದ ಒಬ್ಬ ಹೆಂಗಸನ್ನು ಅವರು ತಿರುಗಿ ಕಳಿಸಿದ್ದರು. "ನಿನಗ ಗಂಡ ಅದಾನವಾ, ಹೆಂಗರ ನಡೀತೈತಿ. ಇದು ಯಾರೂ ಇಲ್ಲದವರ ಒಲಿ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು — ನಿನ್ನ ಯಜಮಾನರು? ತಲೆಯ ಮೇಲಿನ ಸೆರಗು ಹಣೆ ಮುಚ್ಚುವಷ್ಟು ಇಳಿದಿತ್ತು, ಕೊರಳಲ್ಲಿ ತಾಳಿ ಸೆರಗಿನ ಒಳಗಿತ್ತು. ಬಳೆಗಳನ್ನು ಸೆರಗಿನಿಂದ ಮುಚ್ಚಿಕೊಂಡಿದ್ದೆ, ನಾಚಿಕೆಗೆ. "ತೀರಿಕೊಂಡಾರ್ರಿ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅಷ್ಟು ಸಲೀಸಾಗಿ ನಾನು ಜೀವಮಾನದಲ್ಲಿ ಇನ್ನೊಂದು ಮಾತು ಆಡಿಲ್ಲ.

ಅಂದು ಬಾಡಿಗೆಯ ಕೋಣೆಗೆ ಬಂದು ತಾಳಿ ತೆಗೆದಿಟ್ಟೆ, ಸಾಬೂನು ಹಚ್ಚಿ ಬಳೆ ಇಳಿಸಿದೆ. ಒಡೆದರೆ ಸದ್ದಾಗುತ್ತಿತ್ತು. ಕುಂಕುಮ ಒರೆಸಿ ಬರೀ ವಿಭೂತಿ ಹಚ್ಚಿಕೊಂಡೆ. ಇಚಲಕರಂಜಿಯಿಂದ ಸುದ್ದಿ ಬಂತು ಎಂದು ಅಣ್ಣನಿಗೆ ಹೇಳಿ ಕಳಿಸಿದೆ. ಅವನು ಬಂದು ನನ್ನ ಮುಂದೆ ಕುಳಿತು ಅತ್ತ. ಅವನ ಅಳು ನೋಡಿ ನನಗೂ ಅಳು ಬಂತು — ಖರೆ ಅಳುವೇ ಅದು, ಯಾರಿಗಾಗಿ ಎಂದು ಮಾತ್ರ ಹೇಳಲಾರೆ. ನಿಮ್ಮ ಅವ್ವನನ್ನು ಮಡಿಲಲ್ಲಿ ಕೂರಿಸಿಕೊಂಡು ಕಲಿಸಿದೆ: ಯಾರಾದರೂ ಕೇಳಿದರೆ ಅಪ್ಪ ಸತ್ತಾನ ಅನ್ನಬೇಕು. ಅವಳು ನನ್ನ ಮುಖ ನೋಡಿದಳು. ನಂಬಿದಳು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೊದಲು ಕಾಣುವುದು ಹಿಟ್ಟಿನ ಮಂಜು. ತಗಡಿನ ಶೆಡ್ಡಿನ ಕಂಡಿಯಿಂದ ಬಿಸಿಲು ಕೋಲಿನಂತೆ ಒಳಬಂದು ಆ ಹಿಟ್ಟಿನಲ್ಲಿ ನಿಲ್ಲುತ್ತಿತ್ತು. ಹತ್ತಾರು ಕೈಗಳು ರೊಟ್ಟಿ ಬಡಿಯುವ ಸದ್ದು ದೂರದಲ್ಲೆಲ್ಲೋ ಮಳೆ ಬಂದಹಾಗೆ ಕೇಳುತ್ತಿತ್ತು. ಆ ಸದ್ದಿನೊಳಗೆ ನನಗೆ ಒಂದು ಬಗೆಯ ನಿದ್ದೆ ಹತ್ತುತ್ತಿತ್ತು, ಎಚ್ಚರದ ನಿದ್ದೆ. ಯಾರ ದಾರಿಯನ್ನೂ ಕಾಯದೆ ಇರುವುದು ಎಷ್ಟು ಹಗುರ ಎಂದು ಅಲ್ಲಿ ಗೊತ್ತಾಯಿತು. ನಾನು ಸುಖವಾಗಿದ್ದೆ, ಮಕ್ಕಳೇ. ಮರೆಮಾಚಿ ಏನು ಪ್ರಯೋಜನ.

ಪಾಕೀಟಿಗೆ ಚಿತ್ರ ಬೇಕೆಂದು ಫೋಟೋದವನನ್ನು ಕರೆಸಿದಾಗ ನಾನು ಹಿಟ್ಟಿನ ಚೀಲಗಳ ಹಿಂದೆ ಅಡಗಿಕೊಂಡೆ. ಶಾಂತಕ್ಕ ಎಳೆದು ತಂದರು. "ಮಾರಿ ತೋರಸಾಕ ನಾಚಿಕಿ ಅಂದ್ರ ಕೈಯರ ಕೊಡ ಮಾರಾಯ್ತಿ!" ಹಾಗೆ ನನ್ನ ಕೈಗಳು ಪಾಕೀಟಿನ ಮೇಲೆ ಬಂದವು. ಬಳೆಯಿಲ್ಲದ ಎರಡು ಕೈ, ನಡುವೆ ಬಿಳಿ ರೊಟ್ಟಿ. ಎಡ ಮಣಿಕಟ್ಟಿನ ಮೇಲೆ ಅರ್ಧಚಂದ್ರದಂಥ ಕಲೆ. ಮದುವೆಯಾದ ಹೊಸತರಲ್ಲಿ ರೊಟ್ಟಿಯ ಹಂಚು ತಗುಲಿ ಸುಟ್ಟದ್ದು ಅದು. ಸುಟ್ಟ ದಿನ ಅದಕ್ಕೆ ಬೆಣ್ಣೆ ಹಚ್ಚಿ ಊದಿದವರು ನಿಮ್ಮ ಅಜ್ಜ.

ನಿಧಾನಕ್ಕೆ ಊರು ಬದಲಾಯಿತು. ಮೊದಲು ನಿತ್ಯದ ಊಟಕ್ಕೆ ಕೊಂಡರು, ಆಮೇಲೆ ಪಂಚಮಿಗೆ. ಮೆಹಬೂಬ ತನ್ನ ಟೆಂಪೋದಲ್ಲಿ ಸವದತ್ತಿ, ಕಿತ್ತೂರು, ಆಚೆಗೆ ಮಹಾರಾಷ್ಟ್ರದವರೆಗೂ ಒಯ್ಯುತ್ತಿದ್ದ. ಕುಬಸದ ಬುತ್ತಿಗೆ ಮಾತ್ರ ಯಾರೂ ಬರಲಿಲ್ಲ. ಕೊನೆಗೆ ಒಂದು ಪಂಚಮಿಯ ಮುಂಚೆ, ಊರಿನ ದೊಡ್ಡ ಮನೆತನದ ಒಬ್ಬ ತಾಯಿ ತನ್ನ ಸೊಸೆಯ ಕುಬಸದ ರೊಟ್ಟಿಗೆ ತಾನೇ ಬಂದು ನಮ್ಮ ಶೆಡ್ಡಿನಲ್ಲಿ ಕುಳಿತಳು. ಶಾಂತಕ್ಕನ ಕಣ್ಣು ಒದ್ದೆಯಾಗಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಕೈಯಲ್ಲಿ ನಮ್ಮದೇ ಖಾಲಿ ಪಾಕೀಟು.

"ಯಾರ ಬೇಕಾಗಿತ್ತರಿ ಅಣ್ಣಾರ?" ಎಂದರು ಶಾಂತಕ್ಕ.

"ಈ ಕೈ ಯಾರದ್ರಿ ಅಕ್ಕಾರ?"

ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. "ಗೌರವ್ವಾ, ರೊಟ್ಟಿ ತಿಂದು ಕನ್ಯಾ ಕೇಳಾಕ ಬಂದಾರ ನೋಡ!"

ತಲೆ ಎತ್ತಿದೆ. ನಿಮ್ಮ ಅಜ್ಜ. ಬಹಳ ಸೊರಗಿದ್ದರು. ಅಂಗಿ ಬೇರೆಯವರದೇನೋ ಎಂಬಂತೆ ಜೋತುಬಿದ್ದಿತ್ತು. ನಡುವೆ ಹಿಟ್ಟಿನ ಮಂಜು, ಒಲೆಯ ಹೊಗೆ — ಕನಸಿನಲ್ಲಿ ಯಾರನ್ನೋ ನೋಡಿದಂತೆ ನೋಡಿದೆ. ಅವರು ನನ್ನನ್ನು ನೋಡಿ ಒಂದು ಹೆಜ್ಜೆ ಮುಂದೆ ಇಟ್ಟರು. ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು.

"ಇವರು ಯಾರೋ ನನಗ ಗೊತ್ತಿಲ್ಲರಿ" ಎಂದೆ.

ಅವರು ನಿಂತರು. ನನ್ನ ಹಣೆ ನೋಡಿದರು, ಕೊರಳು ನೋಡಿದರು, ಕೈ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ನನ್ನ ಮೇಲೆ ಕೂಗಬಹುದಿತ್ತು. ಶಾಂತಕ್ಕನಿಗೆ ಕೈ ಮುಗಿದು ಅಂದರು — "ನಂದ ತಪ್ಪಾತ್ರಿ ಅಕ್ಕಾರ. ನಾ ಹುಡಕಾಕತ್ತಿದ್ದಾಕಿ ಬಳಿ ಹಾಕ್ಕೊಂತಿದ್ಲು."

ಬಂದವರನ್ನು ಉಣ್ಣದೆ ಕಳಿಸುವ ರೂಢಿ ಶಾಂತಕ್ಕನದಲ್ಲ. ಕೂರಿಸಿದರು. ಬಡಿಸುವ ಕೆಲಸ ನನಗೇ ಬಂತು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಶಾಂತಕ್ಕ ಸುಮ್ಮನೆ ಮಾತಿಗೆ ಕೇಳಿದರು. ಅವರು ತಾಟು ನೋಡುತ್ತ ಹೇಳಿದರು: "ಎದಿ ಜಡ್ಡ ಬಂದಿತ್ರಿ, ಟಿ.ಬಿ. ಮಿರಜದಾಗ ದವಾಖಾನಿ ಸೇರಿದ್ದೆ. ಮನಿಗೆ ಹೋದ್ರ ಮಗಳಿಗೆ ಹತ್ತತೈತಿ ಅಂತ ಹೋಗಲಿಲ್ಲ. ಪತ್ರಾ ಬರದ್ರ ಓಡಿ ಬರತಾಳ ಅಂತ ಅದನ್ನೂ ಬರೀಲಿಲ್ಲ. ಈಗ ಆರಾಮ ಆಗೇತ್ರಿ."

ಆಗ ನಾನು ಬಾಯಿ ಬಿಡಬಹುದಿತ್ತು. ಅವರು ಉಂಡು ಕೈ ತೊಳೆಯುವ ತನಕವೂ ಸಮಯವಿತ್ತು. ಅಷ್ಟರಲ್ಲಿ ನಿಮ್ಮ ಅವ್ವ ಸಾಲೆ ಮುಗಿಸಿ ಬಂದಳು. ಪಾಟಿಚೀಲ ಎಸೆದು ನೀರು ಕುಡಿಯುತ್ತ ನಿಂತವಳನ್ನು ಅವರು ಕರೆದರು.

"ಎಷ್ಟನೇತ್ತಾ ತಂಗಿ?"

"ಐದನೇತ್ತಾ ರೀ."

"ಅಪ್ಪ ಏನ ಮಾಡ್ತಾರವಾ?"

"ಸತ್ತಾನ್ರಿ" ಎಂದಳು. ನಾನು ಕಲಿಸಿದಂತೆಯೇ, ಕಂಠಪಾಠ ಒಪ್ಪಿಸಿದಂತೆ.

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ಇಟ್ಟರು. ಆಮೇಲೆ ಹೋದರು.

ಆ ದಿನ ಕುಬಸದ ಬುತ್ತಿ ಆ ದೊಡ್ಡ ಮನೆಗೆ ಹೋಯಿತು. ಸೊಸೆ ಉಂಡಳು, ಗಂಡು ಹುಟ್ಟಿತು, ನಮ್ಮ ಹೆಸರು ಹಬ್ಬಿತು. ನಾನು ಸತ್ಯ ಹೇಳಿದ್ದರೆ 'ನೋಡ್ರೀ, ಇವರೆಲ್ಲ ನಾಟಕದ ವಿಧವೆಯರು' ಎಂದು ಊರು ನಗುತ್ತಿತ್ತು, ಅಷ್ಟು ಹೆಂಗಸರ ಅನ್ನ ಹೋಗುತ್ತಿತ್ತು, ಶಾಂತಕ್ಕ ಎದೆಯೊಡೆದುಕೊಳ್ಳುತ್ತಿದ್ದರು — ಹೀಗೆ ನನಗೆ ನಾನೇ ಎಷ್ಟು ವರ್ಷ ಹೇಳಿಕೊಂಡೆ! ಅದೆಲ್ಲ ಖರೆ ಇರಬಹುದು. ಆದರೆ ಆ ಮಾತು ಆಡುವಾಗ ನನ್ನ ಮನಸ್ಸಿನಲ್ಲಿ ಶಾಂತಕ್ಕ ಇರಲಿಲ್ಲ, ಆ ಹೆಂಗಸರೂ ಇರಲಿಲ್ಲ. ಮತ್ತೆ ಹೆಂಡತಿಯಾಗಲು ನನಗೆ ಮನಸ್ಸಿರಲಿಲ್ಲ. ಇಷ್ಟೇ.

ವರ್ಷವೊಂದರ ಮೇಲೆ ಮೆಹಬೂಬ ಒಂದು ಸುದ್ದಿ ತಂದ. "ಅಕ್ಕಾರ, ಕಿತ್ತೂರ ಹೈವೇದಾಗ ಒಬ್ಬ ಕಾಕಾ ಹೋಟೆಲ್ ಇಟ್ಟಾನ. ರಾಮದುರ್ಗದ ಕಡ್ಯಾವ, ಮೊದಲ ಮಗ್ಗದ ಕೆಲಸಾ ಮಾಡತಿದ್ನಂತ. ನಮ್ಮ ರೊಟ್ಟಿ ಬಿಟ್ರ ಬ್ಯಾರೆ ಇಡೂದಿಲ್ಲ. ಲಾರಿಯಾವರು ಮೂಗ ಮುರದ್ರ ಜಗಳಾ ತಗೀತಾನ — ಗಂಡ ಇಲ್ಲದವರ ಕೈಯಾಗಿಂದು, ದೇವರ ಪ್ರಸಾದ ಇದ್ದಂಗ, ತಿಂದ್ರ ತಿನ್ರಿ, ಇಲ್ಲಾಂದ್ರ ಗಾಡಿ ಹೊಡೀರಿ ಅಂತಾನ!"

ಮೆಹಬೂಬ ಹೊಟ್ಟೆ ಹಿಡಿದು ನಗುತ್ತಿದ್ದ. ನಾನು ಒಲೆ ಊದಿದೆ.

ನೀವು ಈಗ ಉದ್ದೇಶವಿರುವ ಉದ್ಯಮ ಎನ್ನುತ್ತೀರಲ್ಲ — ಆ ಉದ್ದೇಶವನ್ನು ಶಾಂತಕ್ಕ ಹುಟ್ಟಿಸಿದರು. ಅದಕ್ಕೆ ಕೈ ಕೊಟ್ಟವಳು ನಾನೆಂದು ಪಾಕೀಟು ಹೇಳುತ್ತದೆ. ಆದರೆ ಅದನ್ನು ಎದೆಯಲ್ಲಿಟ್ಟುಕೊಂಡು ದಾರಿಹೋಕರೊಂದಿಗೆ ಜಗಳವಾಡಿದವರು ನಿಮ್ಮ ಅಜ್ಜ. ತಮ್ಮನ್ನು ಸಾಯಿಸಿದ ರೊಟ್ಟಿಯನ್ನೇ ಅವರು ಮಾರಿದರು. ನನಗೆ ಶಿಕ್ಷೆ ಕೊಡಲಿಕ್ಕೋ, ನನ್ನ ಹತ್ತಿರ ಇರಲಿಕ್ಕೋ — ಕೇಳಲು ನಾನು ಹೋಗಲೇ ಇಲ್ಲ. ಬಸ್ಸು ಹತ್ತಿದರೆ ಒಂದು ತಾಸು.

ನಿಮ್ಮ ಅವ್ವನ ಮದುವೆ ಸವದತ್ತಿಯಲ್ಲಾಯಿತು. ಧಾರೆ ಎರೆದವನು ನಮ್ಮ ಅಣ್ಣ. ಲಗ್ನ ಎಲ್ಲಿ ಎಂದು ಹೋಟೆಲ್ ಕಾಕಾ ಕೇಳಿದ್ದನೆಂದು ಮೆಹಬೂಬ ಮುಂಚೆಯೇ ಹೇಳಿದ್ದ. ಕೊನೆಯ ಪಂಕ್ತಿಯಲ್ಲಿ, ಕಂಬದ ಆಚೆ, ಬಿಳಿ ಟೊಪ್ಪಿಗೆಯವರೊಬ್ಬರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಹುಗ್ಗಿಯ ಬೋಗಾಣಿ ಹಿಡಿದು ನಾನು ಸಾಲಿನುದ್ದಕ್ಕೂ ನಡೆದೆ. ನಡೆದಷ್ಟೂ ಸಾಲು ಉದ್ದವಾಗುತ್ತಿತ್ತು, ನಿದ್ದೆಯಲ್ಲಿ ನಡೆದಂತೆ. ನಾನು ಮುಟ್ಟುವಷ್ಟರಲ್ಲಿ ಪಂಕ್ತಿ ಎದ್ದಿತ್ತು. ಅವರೇ ಇದ್ದಿರಬಹುದು. ಅಲ್ಲದೆಯೂ ಇರಬಹುದು.

ನೀವಿಬ್ಬರೂ ಹುಟ್ಟಿ ಓಡಾಡುವಂತಾದ ಮೇಲೆ ಒಂದು ಮುಂಜಾನೆ ಮೆಹಬೂಬ ಟೆಂಪೋ ತುಂಬುವಾಗ ಅಂದ: "ಅಕ್ಕಾರ, ಕಿತ್ತೂರ ಹೋಟೆಲ್‌ದ ರೊಟ್ಟಿ ಇಳಸ್ರಿ. ಕಾಕಾ ತೀರಿಕೊಂಡ. ಹಿಂದ ಮುಂದ ಯಾರೂ ಇಲ್ಲಂತ. ಹೈವೇ ಮಂದೀನ ಕೂಡಿ ಮಣ್ಣ ಮಾಡಿದ್ವಿ. ನಾನೂ ಒಂದ ಹಿಡಿ ಹಾಕಿ ಬಂದೆ."

ಅಂದು ನಾನು ಖರೆ ವಿಧವೆಯಾದೆ. ತೆಗೆಯಲು ಕೈಯಲ್ಲಿ ಏನೂ ಇರಲಿಲ್ಲ, ಒರೆಸಲು ಹಣೆಯಲ್ಲೂ ಏನೂ ಇರಲಿಲ್ಲ. ಸಂಜೆಯವರೆಗೆ ರೊಟ್ಟಿ ಬಡಿದೆ. ಶಾಂತಕ್ಕ ಆಗ ಹಾಸಿಗೆ ಹಿಡಿದಿದ್ದರು. ಅವರಿಗೂ ಹೇಳಲಿಲ್ಲ, ಹೇಳದೆಯೇ ಅವರನ್ನೂ ಕಳಿಸಿಕೊಟ್ಟೆ.

ಭಾಗ್ಯಾ, ನೀನು ಕೇಳಿದ ನಾಲ್ಕು ಸಾಲು ನಾನು ಬರೆಯುವುದಿಲ್ಲ. ಆ ಜಾಗದಲ್ಲಿ ಶಾಂತಕ್ಕನ ಬುತ್ತಿಯ ಕತೆ ಹಾಕಿ, ಅದರಲ್ಲಿ ಸುಳ್ಳಿಲ್ಲ. ಈ ಹಾಳೆಗಳನ್ನು ನಿಮಗಿಂತ ಮೊದಲು ನಿಮ್ಮ ಅವ್ವನಿಗೆ ಕೊಡುತ್ತೇನೆ, ಅವಳು ಓದಿ ಮುಗಿಸುವ ತನಕ ಎದುರಿಗೇ ಕುಳಿತಿರುತ್ತೇನೆ. ತಲೆಯ ಮೇಲೆ ಕೈಯಿಟ್ಟವರು ಯಾರೆಂದು ಅವಳಿಗೆ ಗೊತ್ತಾಗಬೇಕು. ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟರೆ, ಅವಳನ್ನು ಒಪ್ಪಿಸಲು ನೀವು ಬರಬೇಡಿ.

ನಿಮ್ಮ ಅಜ್ಜನನ್ನು ಮಣ್ಣು ಮಾಡಿದ ಜಾಗಕ್ಕೆ ಒಮ್ಮೆ ಹೋಗಬೇಕು, ಅದು ಮೆಹಬೂಬನಿಗೆ ಗೊತ್ತು. ಅವನಿಗೂ ಈಗ ವಯಸ್ಸಾಗಿದೆ, ಆದರೂ ಕರೆದರೆ ಬರುತ್ತಾನೆ. ಯಾಕೆ ಹೊರಟಿದ್ದೇವೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಆಗ ನಾನು ಸೆರಗು ಹುಡುಕದೆ ಹೇಳಬೇಕು — ಅವರು ನಮ್ಮ ಮನಿಯವರು, ಮೆಹಬೂಬಾ.