ಪರದೆ ಮುಚ್ಚುವ ಪಾಪಮ್ಮ

ಬೆಳಗಿನ ಆರು ಗಂಟೆ. ನಂಜನಗೂಡಿನ ಖಾಸಗಿ ನರ್ಸಿಂಗ್ ಹೋಮೊಂದರ ಲ್ಯಾಬಿನಲ್ಲಿ ಪಾಪಮ್ಮ ಪೊರಕೆ ಹಿಡಿಯುವ ಮೊದಲು ಕಂಪ್ಯೂಟರುಗಳ ಮುಂದೆ ನಿಲ್ಲುತ್ತಾರೆ. ಯಾರದೋ ರಕ್ತದ ವರದಿ, ಯಾರದೋ ಬಸಿರಿನ ಸ್ಕ್ಯಾನು ಹಾಗೇ ತೆರೆದು ಬಿದ್ದಿವೆ. ಓದಲು ಬಾರದಿದ್ದರೂ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಎರಡು ಗುಂಡಿ ಒತ್ತುತ್ತಾರೆ. ಪರದೆಗೆ ಬೀಗ ಬೀಳುತ್ತದೆ. ಇರುವುದು ಒಂಬತ್ತು ಕಂಪ್ಯೂಟರು. ಇವತ್ತು ತೆರೆದಿದ್ದವು ಆರು.

ಯಾಕೆಂದು ಕೇಳಿದರೆ, “ಎಂಗಸ್ರ ಗುಟ್ಟು ಕಣವ್ವಾ. ಸೆರಗು ಜಾರಿದ್ರೆ ಸರಿಮಾಡಕಿಲ್ವಾ, ಅಂಗೆ.”

ಐವತ್ತೆರಡರ ಪಾಪಮ್ಮ ತಿ. ನರಸೀಪುರದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಹನ್ನೊಂದು ವರ್ಷದ ಕೆಲಸ. ಗುಂಡಿ ಒತ್ತುವುದನ್ನು ಕಲಿಸಿದವಳು ಲ್ಯಾಬಿನ ಮೇಘನಾ. ಆದರೆ ಕಳೆದ ಆಷಾಢದಲ್ಲಿ, ಒಬ್ಬ ಸೊಸೆಗೆ ಮಕ್ಕಳಾಗುವುದು ಕಷ್ಟವೆಂದಿದ್ದ ವರದಿ ಅವಳ ಕೈ ಸೇರುವ ಮೊದಲೇ ಅತ್ತೆಯ ಕಿವಿ ಮುಟ್ಟಿತು. ಎಲ್ಲರ ಕಣ್ಣೂ ಪಾಪಮ್ಮನ ಮೇಲೆ. ಬೆಳಗ್ಗೆ ಒಬ್ಬಳೇ ಬರುವವಳು, ಕ್ಯಾಮೆರಾದಲ್ಲಿ ದಿನವೂ ಕೀಬೋರ್ಡ್ ಮುಟ್ಟುವವಳು. ಗುಂಡಿ ಒತ್ತಲು ಕಲಿಸಿದ್ದು ತಾನೇ ಎಂದು ಮೇಘನಾ ಹೇಳಲಿಲ್ಲ.

ಎಂಟು ದಿನ ಮನೆಯಲ್ಲಿ ಕೂರಿಸಿದರು. ಮನೆಯವರಿಗೆ ರಜೆಯೆಂದು ಸುಳ್ಳು ಹೇಳಿದ ಪಾಪಮ್ಮ, ನಲ್ಲಿಯ ಬಳಿ ಯಾರು ಪಿಸುಗುಟ್ಟಿದರೂ ತನ್ನದೇ ಮಾತೆಂದುಕೊಂಡು ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ಬಂದುಬಿಡುತ್ತಿದ್ದರು.

ಕೊನೆಗೆ ಸಾಕ್ಷಿ ಹೇಳಿದ್ದು ಕಂಪ್ಯೂಟರೇ: ವರದಿ ತೆರೆದದ್ದು ಮಧ್ಯಾಹ್ನ ಮೂರಕ್ಕೆ. ಪಾಪಮ್ಮ ಒಂದಕ್ಕೇ ಮನೆಗೆ ಹೊರಟಿರುತ್ತಾರೆ. ಹಾಗಾದರೆ ತೆರೆದವರು ಯಾರು? ಲ್ಯಾಬಿನ ಐವರಿಗೂ ಒಂದೇ ಪಾಸ್‌ವರ್ಡ್. ಅದೂ ಮಾನಿಟರಿಗೇ ಅಂಟಿಸಿದ ಚೀಟಿಯಲ್ಲಿ. ‘ನಮ್ಮ ನಮ್ಮಲ್ಲಿ ಎಂಥ ಗುಟ್ಟು’ ಎಂಬುದು ಅಲ್ಲಿನ ರೂಢಿ. ಈಗ ಐವರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ ಬುತ್ತಿ ಬಿಚ್ಚುತ್ತಾರೆ. ಪಲ್ಯ ಹಂಚಿಕೊಳ್ಳುವುದಿಲ್ಲ. ಚೀಟಿ ಮಾತ್ರ ಅಲ್ಲೇ ಇದೆ.

ಕೆಲಸಕ್ಕೆ ಮರಳಿದ ದಿನದಿಂದ ಪಾಪಮ್ಮ ಗೇಟಿನಲ್ಲಿ ತಾವಾಗಿಯೇ ಚೀಲ ಬಿಚ್ಚಿ ತೋರಿಸುತ್ತಾರೆ. ಕಾವಲುಗಾರ ಚಿಕ್ಕಮಾದು ನಗುತ್ತಾನೆ: “ಬುಡಕ್ಕೋ, ಎಲೆಅಡ್ಕೆ ಬುಟ್ರೆ ಇನ್ನೇನದೆ ಅದ್ರಲ್ಲಿ?”

“ನೋಡ್ಲಾ ಮಾದು. ನೋಡಿ, ಪುಸ್ತಕದಲ್ಲಿ ಬರ್ಕೊ.”

ಅವರ ಆಸೆ ದೊಡ್ಡದಲ್ಲ. “ಒಬ್ಬೊಬ್ರಿಗೂ ಬ್ಯಾರೆ ಪಾಸ್‌ವರ್ಡ್ ಕೊಡ್ಲಿ. ಕಸ ಗುಡಿಸೋ ಇನ್ನೊಬ್ಳು ನನ್ನಂಗೆ ಮನೇಲಿ ಕುಂತ್ಕಬಾರ್ದು.”

ಆ ಐವರಲ್ಲಿ ಯಾರೆಂದು ಗೊತ್ತೇ ಎಂದರೆ ಪಾಪಮ್ಮ ಲ್ಯಾಬಿನ ಕಡೆ ನೋಡುತ್ತಾರೆ. ಮೇಘನಾ ಆಗಲೇ ಬಂದು ಕುಳಿತಿದ್ದಾಳೆ.

“ಗುಮಾನಿ ಅದೆ. ಕಣ್ಣಾರೆ ಕಂಡಿಲ್ವಲ್ಲ. ಕಾಣ್ದೇನೇ ನನ್ ಮ್ಯಾಲೆ ಒರ್ಸುದ್ರು. ಅಂಗೆ ನಾನು ಇನ್ನೊಬ್ರ ಮ್ಯಾಲೆ ಒರ್ಸಕಿಲ್ಲ ಕಣವ್ವಾ.”