ಬಾಗಿಲಾಚೆಯ ಕುರ್ಚಿ

ಕಡೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಭಾಗಮ್ಮ ಟೀಚರಿಗೆ ಶಾಸನವೂ ಒಂದೇ, ಬೈಬಲ್ಲೂ ಒಂದೇ. ಯಾರಾದರೂ ವಾಕ್ಯ ಓದಿದರೆ ಸಾಕು, "ಯಾರಿಗೆ ಹೇಳಿದ್ದು? ಆವಾಗ ಅವರ ಮನೇಲಿ ಏನ್ ನಡೀತಿತ್ತು?" ಎನ್ನುವರು. ಈಗ ಅವರಿರುವ ಅಜ್ಜಂಪುರದ ಪುಟ್ಟ ಚರ್ಚಿನಲ್ಲಿ ಪಾದ್ರಿಗಳೂ ಆಕೆಯನ್ನು ಕಂಡರೆ ಗಂಟಲು ಸರಿಮಾಡಿಕೊಂಡೇ ಪ್ರಸಂಗ ಶುರುಮಾಡುತ್ತಿದ್ದರು.

ವಿನೀತಾ ಬೆಂಗಳೂರಿನಲ್ಲಿ ಓದಿ ಈ ಊರಿಗೆ ಸೊಸೆಯಾಗಿ ಬಂದವಳು. ಹೆಣ್ಣುಮಗು ಹುಟ್ಟಿದ ಮೇಲೆ ಅವಳು ಚರ್ಚಿನೊಳಗೆ ಕಾಲಿಡಲೇ ಇಲ್ಲ. ಚಪ್ಪಲಿ ಬಿಡುವ ಜಗಲಿಯಲ್ಲೇ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವಳು. ಒಳಗೆ ಮಗುವಿಗೆ ಸೆಕೆಯೇನೋ ಎಂದು ಸಭೆಯವರು ಅಲ್ಲೊಂದು ಕುರ್ಚಿ ಹಾಕಿದರು. ಆಮೇಲೆ ಫ್ಯಾನೂ ಬಂತು. ಉಪಚಾರ ಹೆಚ್ಚಿದಷ್ಟೂ ಅವಳಿಗೆ, ನೀನು ಹೊರಗೇ ಇರು ಎಂದಂತೆ ಅನಿಸುತ್ತಿತ್ತು. ಮಗಳ ದೀಕ್ಷಾಸ್ನಾನಕ್ಕೆ ದಿನಕ್ಕೊಂದು ನೆಪ ಹೇಳಿ ಗಂಡ ಸುದೀಪನ ಬಾಯಿ ಮುಚ್ಚಿಸಿದ್ದಳು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಟೀಚರ್ ಬಂದು ಮೆಟ್ಟಿಲ ಮೇಲೆ ಕೂತರು.

"ಏನೇ, ಗಾಳಿ ಚೆನ್ನಾಗಿ ಬರ್ತೈತಾ?"

ವಿನೀತಾಳ ಕಣ್ಣು ತುಂಬಿತು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡ ತೆರೆದು ತೋರಿಸಿದಳು: ಹೆತ್ತವಳು ಅಶುದ್ಧಳು, ಆಲಯಕ್ಕೆ ಬರಬಾರದು, ಹೆಣ್ಣಾದರೆ ಗಂಡಿಗಿಂತ ಎರಡರಷ್ಟು ದಿನ, ಕೊನೆಗೆ ದೋಷಪರಿಹಾರದ ಬಲಿ.

"ನನ್ ಮಗಳು ಹುಟ್ಟಿದ್ದೇ ಪಾಪಾನಾ ಟೀಚರ್?"

"ಅಯ್ಯೋ ಹುಚ್ಚು ಹುಡುಗಿ! ಇದಕ್ಕಾ ನೀನು ಚಪ್ಪಲಿ ಕಾಯ್ಕೊಂಡು ಕೂತಿದ್ದು? ನಾವು ಮಗೂಗೆ ಸೆಕೆ ಅಂದ್ಕೊಂಡ್ವಲ್ಲೇ!" ಟೀಚರ್ ಹಣೆ ಚಚ್ಚಿಕೊಂಡರು. "ಅದನ್ನ ಬರೆದೋರ ಕಾಲಕ್ಕೆ ರಕ್ತ ಅಂದ್ರೆ ಜೀವ ಕಣೇ. ರಕ್ತ ಹೋದೋಳು, ಹೆಣ ಮುಟ್ಟಿದೋನು, ಎಲ್ಲರೂ ದೇವರ ಗುಡಾರದಿಂದ, ಅಂದ್ರೆ ಅವರ ಆಲಯದಿಂದ, ಸ್ವಲ್ಪ ದಿನ ದೂರ. ಅಪ್ಪನ್ನ ಮಣ್ಣು ಮಾಡೋದು ಪಾಪವಾ? ಇದೂ ಹಂಗೇ. ಈಗ ಆ ಗುಡಾರವೂ ಇಲ್ಲ, ಬಲಿಪೀಠವೂ ಇಲ್ಲ."

"ಮತ್ತೆ ಹೆಣ್ಣಿಗ್ಯಾಕೆ ಎರಡರಷ್ಟು?"

"ಅದನ್ನ ಬರೆದಿಲ್ಲ. ತಿಳಿದೋರು ಒಬ್ಬೊಬ್ರು ಒಂದೊಂದು ಹೇಳ್ತಾರೆ, ನಂಗೂ ಗೊತ್ತಿಲ್ಲ. ಆದ್ರೆ ಕಾಣಿಕೆ ನೋಡು, ಗಂಡಿಗೂ ಹೆಣ್ಣಿಗೂ ಅದೇ ಕುರಿಮರಿ. ಗತಿಯಿಲ್ಲದೋರಿಗೆ ಎರಡು ಪಾರಿವಾಳ. ಈಗ ಲೂಕನ ಸುವಾರ್ತೆ ತೆಗಿ."

ವಿನೀತಾ ಹುಡುಕಿ ಓದಿದಳು. ಹೆತ್ತ ದಿನಗಳು ಮುಗಿದ ಮೇಲೆ ಮರಿಯಳು ಕೂಸನ್ನೆತ್ತಿಕೊಂಡು ಆಲಯಕ್ಕೆ ಹೋಗಿದ್ದಳು. ಕೊಡಲು ಹೊರಟಿದ್ದು ಅದೇ ಬಡವರ ಜೋಡಿ ಹಕ್ಕಿ.

"ಯೇಸೂನ ಹೆತ್ತೋಳಿಗೂ ಇದೇ ನೇಮ. ಅವಳು ಹೆತ್ತಿದ್ದು ಪಾಪಾನೇನೇ?"

ವಿನೀತಾ ಮಗಳ ನೆತ್ತಿಗೆ ಮುಖವಿಟ್ಟು ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಎದ್ದು, ಖಾಲಿ ಚರ್ಚಿನೊಳಗೆ ಒಂದು ಸುತ್ತು ಹಾಕಿ ಬಂದಳು.

ದೀಕ್ಷಾಸ್ನಾನದ ದಿನ ಮಗು ಸೆಕೆಗೆ ಊರು ಕೇಳುವಂತೆ ಚೀರಿತು. ಮುಗಿಸಿಕೊಂಡು ಹೊರಬಂದರೆ ಭಾಗಮ್ಮ ಟೀಚರ್ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದರು.

"ನೋಡ್ತೀಯೇನೇ? ನಿನ್ನ ಪಾಳಿ ಮುಗೀತು. ಇನ್ಮೇಲೆ ಈ ಕುರ್ಚಿ ನಂದು."