ಡೈರಿ ಸೆಕ್ರೆಟರಿಯ ಸಂಶಯ

ಕಿಕ್ಕೇರಿ ಹೋಬಳಿಯ ಆ ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ ಸಣ್ಣತಮ್ಮಯ್ಯ ಇಪ್ಪತ್ತಾರು ವರ್ಷಗಳಿಂದ ಯಾರನ್ನೂ ನಂಬಿದವರಲ್ಲ. ಹೆತ್ತ ತಾಯಿ ತಂದ ಹಾಲಿಗೂ ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಇಳಿಬಿಟ್ಟವರು. ಆತ್ಮಹತ್ಯೆ ತಡೆಯಲು ಊರವರಿಗೇ ಕೊಡುವ ಎರಡು ದಿನದ ತರಬೇತಿಯನ್ನು ಕೆ.ಆರ್. ಪೇಟೆಯಲ್ಲಿ ಮುಗಿಸಿ ಬಂದ ಮೇಲಂತೂ ಅವರ ಸಂಶಯ ಕ್ಯಾನಿನಿಂದ ಮುಖಗಳಿಗೆ ಏರಿತು. ಗಡ್ಡ ಬಿಟ್ಟವನನ್ನು ತಡೆದು, "ಯಾಕ್ಲಾ, ಸಾಯೋ ಯೋಚ್ನೆ ಏನಾರ ಬಂದದಾ?" ಎಂದು ನೇರವಾಗಿ ಕೇಳುವರು, ನೇರವಾಗಿಯೇ ಕೇಳಬೇಕೆಂಬುದು ತರಬೇತಿಯ ಪಾಠ. "ಶಬರಿಮಲೆ ಮಾಲೆ ಆಕಿವ್ನಿ ಕಣಣ್ಣೋ!" ಎಂದು ಅವನು ರೇಗಿದರೆ, ಮಾಲೆಯನ್ನೂ ಮುಟ್ಟಿ ನೋಡುವರು. ಹಾಲು ಹಾಕಲು ನಿಂತ ಸಾಲಿಗೆ ಸಾಲೇ ನಗುವುದು. ಅವರು ಕೇಳದೆ ಬಿಟ್ಟದ್ದು ಪುಟ್ಟಗೌರಮ್ಮನವರೊಬ್ಬರನ್ನೇ. "ನಿನ್ ಮಿಷನ್ನು ಕೆಟ್ಟೋಗದೆ ಕಣ್ಲಾ, ಇನ್ನೊಂದ್ಸಲ ನೋಡು!" ಎಂದು ಜಗಳವಾಡದೆ ಆಕೆ ಒಂದು ದಿನವೂ ಹಾಲು ಹಾಕಿದವರಲ್ಲ. ಒಂದು ಶುಕ್ರವಾರ ಬೆಳಗ್ಗೆ ಆಕೆಯ ಹಾಲಿಗೆ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಎರಡು ಕಡಿಮೆ ಬಂತು. ಆಕೆ ಚೀಟಿ ಮಡಚಿಕೊಂಡು ಸುಮ್ಮನೆ ಹೊರಟುಬಿಟ್ಟರು. ಸಣ್ಣತಮ್ಮಯ್ಯ ಸಾಲನ್ನು ಹಾಗೆಯೇ ಬಿಟ್ಟು, ಬರಿಗಾಲಿನಲ್ಲಿ ರಸ್ತೆಗಿಳಿದು, ಆಕೆಯನ್ನು ಹುಣಸೆಮರದ ಬಳಿ ನಿಲ್ಲಿಸಿ, ಅದೇ ಪ್ರಶ್ನೆಯನ್ನು ಮೆತ್ತಗೆ ಕೇಳಿದರು: "ಅಕ್ಕಾ, ಸಾಯ್ಬೇಕು ಅನ್ನಿಸ್ತದಾ?" ಆಕೆ ಖಾಲಿ ಕ್ಯಾನನ್ನು ನೆಲಕ್ಕಿಟ್ಟು, "ಊಂ ಕಣಪ್ಪಾ" ಎಂದರು. "ಕೂತ್ಕೊ, ಯೋಳು. ಆಮ್ಯಾಲೆ ಆಸ್ಪತ್ರೆಗೆ ನಾನೂ ಜೊತೇಲಿ ಬತ್ತೀನಿ" ಎಂದರು ಸಣ್ಣತಮ್ಮಯ್ಯ. ಮಾತು ಮುಗಿಯುವಷ್ಟರಲ್ಲಿ ಡೈರಿಯೊಳಗೆ ಜನ ತಾವೇ ಹಾಲು ಸುರಿದು ಮನೆಗೆ ಹೋಗಿದ್ದರು. ಅದರಲ್ಲಿ ಯಾರು ಎಷ್ಟು ನೀರು ಬೆರೆಸಿದ್ದರೆಂದು ಸಣ್ಣತಮ್ಮಯ್ಯ ಇಂದಿಗೂ ವಿಚಾರಿಸಿಲ್ಲ.